ನಾಲ್ಕು ಸಾವಿರದಲ್ಲಿ ಇನ್ನೂರು ನೋಡಿದರೆ ಸಾಕೆ?

ಪ್ರಶ್ನೆ: ನನ್ನ ಮಗ ಬಿಬವೇವಾಡಿಯ ಸಣ್ಣ ವರ್ಕ್‌ಶಾಪ್ ಒಂದರಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಾನೆ. ಅವರು ಮಾಡುವ ಉಕ್ಕಿನ ಬುಶ್‌ಗಳು ಜರ್ಮನಿಗೆ ಹೋಗುತ್ತವೆ. ಕಳಿಸುವ ಮುಂಚೆ ಹೊರಗಿನ ಇನ್‌ಸ್ಪೆಕ್ಟರ್ ಒಬ್ಬರು ಬಂದು, ನಾಲ್ಕು ಸಾವಿರದಲ್ಲಿ ಇನ್ನೂರನ್ನಷ್ಟೇ ಅಳೆದು ಸಹಿ ಹಾಕಿ ಹೋಗುತ್ತಾರಂತೆ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಚುಕಿ ನೋಡಿದ ಹಾಗೆಯೇ ಇದು? ಫೇಲ್ ಮಾಡಿದರೆ ಮಾಲೆಲ್ಲ ಗುಜರಿಗೆ ಹೋಗುತ್ತದೆಯೇ?
– ಓದುಗರೊಬ್ಬರು, ಬಿಬವೇವಾಡಿ, ಪುಣೆ

ಉತ್ತರ: ಅಗುಳಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅನ್ನ ಒಂದೇ ಪಾತ್ರೆಯಲ್ಲಿ, ಒಂದೇ ಉರಿಯಲ್ಲಿ ಬೇಯುತ್ತದೆ. ಬುಶ್‌ಗಳಲ್ಲಿ ಕೆಲವು ಹಗಲು ಪಾಳಿಯವು, ಕೆಲವು ರಾತ್ರಿ ಪಾಳಿಯವು. ಕೆಲವು ಹೊಸ ಟೂಲ್ ಹಾಕಿದಾಗ ಆದವು, ಕೆಲವು ಅದು ಸವೆದ ಮೇಲೆ ಆದವು. ಆದ್ದರಿಂದ ಇನ್ನೂರನ್ನು ಎಲ್ಲಿಂದ ಎತ್ತಿದರು ಎಂಬುದರ ಮೇಲೆಯೇ ಎಲ್ಲ ನಿಂತಿದೆ. ತಲಾ 50ರಂತೆ 80 ಪೆಟ್ಟಿಗೆ ಇದ್ದರೆ, ಪೆಟ್ಟಿಗೆಗಳ ಸಂಖ್ಯೆಯ ವರ್ಗಮೂಲದಷ್ಟು, ಅಂದರೆ ಸುಮಾರು ಒಂಬತ್ತನ್ನು ತೆರೆಯುವುದು ಈ ಕಸುಬಿನ ರೂಢಿ. ಯಾವ ಒಂಬತ್ತು ಎಂಬುದನ್ನು ಇನ್‌ಸ್ಪೆಕ್ಟರೇ ಹೇಳಬೇಕು. ಅಟ್ಟಿಯ ತಳದ ಪೆಟ್ಟಿಗೆಯೂ ಬೇಕು, ಗೋಡೆಗೆ ಒತ್ತಿ ಇಟ್ಟದ್ದೂ ಬೇಕು. ಮಾಲೀಕರು ಮೊದಲೇ ತೆರೆದು ಮೇಜಿನ ಮೇಲಿಟ್ಟ ಪೆಟ್ಟಿಗೆಯನ್ನೇ ಅವರು ಅಳೆದರೆ, ಇನ್ನೂರರ ಬದಲು ಸಾವಿರ ಅಳೆದರೂ ಆ ಸಹಿಗೆ ಬೆಲೆಯಿಲ್ಲ.

ಇನ್ನೂರು ಎಂಬ ಅಂಕಿ ಅಂದಾಜಿನದಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1920ರ ದಶಕದಲ್ಲಿ ಹೆರಾಲ್ಡ್ ಡಾಡ್ಜ್ ಮತ್ತು ಹ್ಯಾರಿ ರೋಮಿಗ್ ಸ್ಯಾಂಪಲ್ ತಪಾಸಣೆಯ ಗಣಿತಕ್ಕೆ ತಳಹದಿ ಹಾಕಿದರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗೆ ಅದು ತೀರಾ ಅಗತ್ಯವಾಯಿತು. ಗುಂಡು ಸಿಡಿಯುತ್ತದೋ ಇಲ್ಲವೋ ಎಂದು ಪ್ರತಿಯೊಂದನ್ನೂ ಹಾರಿಸಿ ನೋಡಿದರೆ ಯುದ್ಧಕ್ಕೆ ಏನು ಉಳಿದೀತು? ಸ್ಯಾಂಪಲ್ ಎಷ್ಟಿರಬೇಕೆಂದು ಆ ಸೇನೆ ಮಾಡಿಸಿದ ಕೋಷ್ಟಕಗಳೇ ಮುಂದೆ ಐಎಸ್‌ಒ 2859 ಆದವು. ನಮ್ಮ ದೇಶದಲ್ಲಿ ಅದಕ್ಕೆ ಐಎಸ್ 2500 ಎಂದು ಹೆಸರು. 3,201ರಿಂದ 10,000ದವರೆಗಿನ ಯಾವ ಲಾಟ್‌ಗೂ (ಒಟ್ಟಿಗೆ ತಪಾಸಣೆಗೆ ಇಟ್ಟ ಮಾಲಿಗೂ) ಸಾಮಾನ್ಯ ಮಟ್ಟದ ತಪಾಸಣೆಯಲ್ಲಿ 200 ಸ್ಯಾಂಪಲ್. ಒಪ್ಪಂದದಲ್ಲಿ ‘ಎಕ್ಯೂಎಲ್ 2.5’ (ಒಪ್ಪಬಹುದಾದ ದೋಷದ ಮಿತಿ ಶೇ 2.5) ಎಂದಿದ್ದರೆ ದೊಡ್ಡ ದೋಷದ ಬುಶ್ ಹತ್ತರವರೆಗೆ ಸಿಕ್ಕರೂ ಪಾಸ್, ಹನ್ನೊಂದಾದರೆ ಫೇಲ್. ಜೀವಕ್ಕೆ ಅಪಾಯ ತರುವಂಥ ದೋಷಕ್ಕೆ ಮಾತ್ರ ರಿಯಾಯಿತಿ ಇಲ್ಲ. ಒಂದು ಸಿಕ್ಕರೂ ಮುಗಿಯಿತು.

ಈ ಸಹಿ ಎಷ್ಟು ಗಟ್ಟಿ ಎಂದು ಲೆಕ್ಕ ಹಾಕಿ ನೋಡೋಣ. ಲಾಟ್‌ನಲ್ಲಿ ನಿಜಕ್ಕೂ ಶೇ 2.5ರಷ್ಟು ಕೆಟ್ಟವಿದ್ದರೆ ನೂರಕ್ಕೆ ಸುಮಾರು 99 ಸಲ ಪಾಸಾಗುತ್ತದೆ. ಶೇ 10ರಷ್ಟು ಕೆಟ್ಟವಿದ್ದರೆ ಹೆಚ್ಚೆಂದರೆ ನೂರಕ್ಕೆ ಒಂದು ಸಲ ತಪ್ಪಿಸಿಕೊಂಡೀತು. ಆದರೆ ಶೇ 5ರಷ್ಟಿದ್ದರೆ? ನೂರಕ್ಕೆ ಸುಮಾರು 58 ಸಲ ಪಾಸ್! ‘ಪಾಸಾಗಿದೆ, ಅಂದಮೇಲೆ ಒಂದೂ ಕೆಟ್ಟದ್ದಿಲ್ಲ’ ಎಂದು ನಂಬುವ ಖರೀದಿದಾರರೂ ಮಾಲೀಕರೂ ಇದ್ದಾರೆ. ಹಾಗೆಂದು ಕೋಷ್ಟಕ ಎಲ್ಲೂ ಹೇಳುವುದಿಲ್ಲ. ತೀರಾ ಕೆಟ್ಟ ಲಾಟ್ ಹಡಗು ಹತ್ತದಂತೆ ತಡೆಯುವುದಷ್ಟೇ ಅದರ ಕೆಲಸ.

ಮಾಲು ಕಳಿಸುವ ಮುಂಚೆ ಇಲ್ಲಿಯೇ ಏಕೆ ನೋಡಬೇಕು ಅಂದರೆ, ದುಡ್ಡಿಗಾಗಿ. ಖರೀದಿದಾರ ತೆರೆದ ಲೆಟರ್ ಆಫ್ ಕ್ರೆಡಿಟ್‌ನಲ್ಲಿ (ಬ್ಯಾಂಕಿನ ಪಾವತಿ ಖಾತರಿ ಪತ್ರದಲ್ಲಿ) ತಪಾಸಣಾ ಪತ್ರವೂ ಬೇಕೆಂದು ಬರೆದಿದ್ದರೆ, ಅದಿಲ್ಲದೆ ಬ್ಯಾಂಕು ಹಣ ಕೊಡುವುದಿಲ್ಲ. ಬ್ಯಾಂಕು ಮಾಲು ನೋಡುವುದಿಲ್ಲ, ಕಾಗದ ನೋಡುತ್ತದೆ. ಮಾಲು ನವಾ ಶೇವಾ ಬಂದರು ದಾಟಿ ಯುರೋಪಿನಲ್ಲಿ ತಿರಸ್ಕೃತವಾದರೆ, ವಾಪಸ್ ತರಿಸುವ ಬಾಡಿಗೆ ಸಣ್ಣ ವರ್ಕ್‌ಶಾಪಿನ ಬೆನ್ನು ಮುರಿಯುತ್ತದೆ. ಇನ್ನು ಕಾನೂನಿನ ಮಾತು: 1963ರ ರಫ್ತು (ಗುಣಮಟ್ಟ ನಿಯಂತ್ರಣ ಮತ್ತು ತಪಾಸಣೆ) ಕಾಯ್ದೆ ನಮ್ಮಲ್ಲಿದೆ, ಮರುವರ್ಷವೇ ರಫ್ತು ತಪಾಸಣಾ ಮಂಡಳಿಯೂ ಬಂತು. ಮೀನು, ಹಾಲಿನ ಉತ್ಪನ್ನ, ಜೇನಿನಂಥ ಪದಾರ್ಥಗಳಿಗೆ ಸರ್ಕಾರಿ ತಪಾಸಣೆ ಇದೆ. ಬುಶ್‌ನಂಥ ಮಾಲಿಗೆ ಮಾರುವವರ, ಕೊಳ್ಳುವವರ ಒಪ್ಪಂದವೇ ಆಧಾರ.

ಅಳತೆ ಸರಿಯಿದ್ದರೂ ಕೆಡಿಸುವ ಒಂದು ಸಂಗತಿಯನ್ನು ನಿಮ್ಮ ಮಗನಿಗೆ ಹೇಳಿ. ಬರಿಗೈಯಲ್ಲಿ ಮುಟ್ಟಿದ ಬುಶ್ ಮೇಲೆ ಬೆವರಿನ ಉಪ್ಪು ಉಳಿಯುತ್ತದೆ. ಪ್ಯಾಕ್ ಮಾಡುವ ದಿನ ಏನೂ ಕಾಣದು. ಸಮುದ್ರದ ಮೇಲೆ ವಾರಗಟ್ಟಲೆ ಕಂಟೇನರ್ ಹಗಲು ಕಾದು ರಾತ್ರಿ ತಣ್ಣಗಾಗುತ್ತದೆ, ಒಳಗಿನ ತೇವ ತಗಡಿಗೆ ಹತ್ತಿ ಹನಿಯಾಗಿ ತೊಟ್ಟಿಕ್ಕುತ್ತದೆ. ಆಚೆ ಪೆಟ್ಟಿಗೆ ತೆರೆದಾಗ ಆ ಬುಶ್ ಮೇಲೆ ಬೆರಳಚ್ಚಿನ ಗೆರೆಗಳು ಒಂದೊಂದಾಗಿ ಕಂದು ತುಕ್ಕಿನಲ್ಲಿ ಮೂಡಿರುತ್ತವೆ. ಕೈಗವಸು, ತುಕ್ಕು ತಡೆಯುವ ಎಣ್ಣೆ ಮತ್ತು ವಿಸಿಐ ಕಾಗದ, ತೇವ ಹೀರುವ ಸಿಲಿಕಾ ಜೆಲ್ ಇದೆಯೇ ಎಂದು ಒಳ್ಳೆಯ ಇನ್‌ಸ್ಪೆಕ್ಟರ್ ನೋಡಿಯೇ ನೋಡುತ್ತಾರೆ. ಮರದ ಪ್ಯಾಲೆಟ್ ಮೇಲಿನ ತೆನೆಯ ಮುದ್ರೆಯನ್ನೂ ನೋಡುತ್ತಾರೆ. ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿದ್ದರೆ ಆ ಮುದ್ರೆ ಸಿಗುತ್ತದೆ. ಮರದಲ್ಲಿ ಹುಳು ಇಲ್ಲ ಎಂಬುದಕ್ಕೆ ಪರದೇಶದವರು ಕೇಳುವುದು ಅದನ್ನೇ.

ಇನ್ನು ಫೇಲ್ ಆದರೆ ಎಲ್ಲವೂ ಗುಜರಿಗೆ ಹೋಗುವುದಿಲ್ಲ. ನಾಲ್ಕು ಸಾವಿರವನ್ನೂ ಗೋ–ನೋ ಗೋ ಗೇಜ್ (ಅಳತೆ ಮಿತಿಯೊಳಗಿದೆಯೇ ಎಂದು ತೋರಿಸುವ ಮಾಪಕ) ಹಾಕಿ ಬೇರ್ಪಡಿಸಬೇಕು. ಒಳವ್ಯಾಸ ಕಡಿಮೆಯಾದದ್ದನ್ನು ಮತ್ತೆ ಬೋರ್ ಮಾಡಿ ಸರಿಪಡಿಸಬಹುದು, ಹೆಚ್ಚಾದದ್ದು ಮಾತ್ರ ಗುಜರಿ. ಆಮೇಲೆ ಮರುತಪಾಸಣೆ, ಅದರ ಖರ್ಚು ಸಾಮಾನ್ಯವಾಗಿ ವರ್ಕ್‌ಶಾಪಿನದೇ. ಕೆಲವೊಮ್ಮೆ ಖರೀದಿದಾರರು ಬೆಲೆ ಇಳಿಸಿ ಹಾಗೆಯೇ ಒಪ್ಪುವುದೂ ಉಂಟು. ಅದು ಬರವಣಿಗೆಯಲ್ಲಿ ಇರಲಿ. ಪ್ರತಿ ಪೆಟ್ಟಿಗೆಯ ಮೇಲೆ ಮಷಿನ್ ನಂಬರು, ಪಾಳಿ, ತಾರೀಕು ಬರೆದಿಡುವ ರೂಢಿ ಅಲ್ಲಿ ಇದೆಯೇ ಎಂದು ಮಗನನ್ನು ಕೇಳಿ. ಇದ್ದರೆ, ಕೆಟ್ಟ ಹನ್ನೊಂದೂ ಯಾವ ಮಷಿನ್ನಿನಿಂದ, ಯಾವ ಪಾಳಿಯಿಂದ ಬಂದವು ಎಂಬುದು ಕೂಡಲೇ ತಿಳಿಯುತ್ತದೆ, ಮೊದಲು ಆ ಪೆಟ್ಟಿಗೆಗಳಿಗೇ ಕೈ ಹಾಕಬಹುದು.