ಒಂದು ದೊಡ್ಡ ಸಂಖ್ಯೆಯ ಪರೀಕ್ಷೆ

ಹಾಲಿನ ಲೆಕ್ಕಕ್ಕೂ ಅಗಸನ ಲೆಕ್ಕಕ್ಕೂ ಸಾಲುವಷ್ಟು ಗಣಿತ ಬಂದರೆ ಹೆಣ್ಣುಮಕ್ಕಳಿಗೆ ಸಾಕಲ್ಲವೇ ಎಂದು ಪೋಷಕರಲ್ಲಿ ಕೆಲವರು ನಮ್ಮನ್ನು ಕೇಳುವುದುಂಟು. ಅವರೊಡನೆ ವಾದಕ್ಕೆ ನಿಲ್ಲದೆ, ಮೇಲಿನ ತರಗತಿಯಲ್ಲಿ ನಾವು ಕರಿಹಲಗೆಯ ಮೇಲೆ ಬರೆಯುವ ಒಂದು ಸಂಖ್ಯೆಯನ್ನೇ ಇಲ್ಲಿ ವಾಚಕರ ಮುಂದಿಡುತ್ತೇವೆ: 4,29,49,67,297. ಅಂದರೆ ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು.

ಇದು ಹುಟ್ಟುವ ಬಗೆ ಸರಳವಾದುದು. ಚದುರಂಗದ ಮಣೆಯ ಮೊದಲನೆಯ ಮನೆಗೆ ಒಂದು ಗೋಧಿಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಇಮ್ಮಡಿಸುತ್ತ ಹೋದರೆ ಮೂವತ್ತಮೂರನೆಯ ಮನೆಗೆ ಎಷ್ಟು ಕಾಳು ಬರುವುವೋ ಅದಕ್ಕೆ ಒಂದನ್ನು ಕೂಡಿಸಿದುದೇ ಈ ಸಂಖ್ಯೆ. ಎಂದರೆ 2ನ್ನು 32 ಸಲ ಇಟ್ಟು ಗುಣಿಸಿ 1ನ್ನು ಸೇರಿಸಿದುದು. 32ರ ಬದಲು 1, 2, 4, 8, 16 ಸಲ ಇಟ್ಟರೆ 3, 5, 17, 257, 65,537 ದೊರೆಯುವುವು. ಈ ಐದೂ ಅವಿಭಾಜ್ಯಗಳು. ತಮ್ಮಿಂದಲೂ ಒಂದರಿಂದಲೂ ಅಲ್ಲದೆ ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗ ಹೋಗವು.

ಫ್ರಾನ್ಸಿನ ತುಲೂಸ್ ನಗರದ ನ್ಯಾಯಾಧಿಕಾರಿ ಫೆರ್ಮಾ ಎಂಬಾತನು 1640ರಲ್ಲಿ ಈ ಕುಟುಂಬದ ಸಂಖ್ಯೆಗಳೆಲ್ಲವೂ ಅವಿಭಾಜ್ಯಗಳೇ ಎಂದು ಬರೆದನು. ಸಾಧನೆ ತನ್ನಲ್ಲಿಲ್ಲವೆಂದು ಒಪ್ಪಿಕೊಂಡರೂ ನಂಬಿಕೆಯನ್ನು ಬಿಡಲಿಲ್ಲ. ಆರನೆಯದಾದ ನಮ್ಮ ಸಂಖ್ಯೆಯನ್ನು ನೋಡಿದರೆ ಆ ನಂಬಿಕೆ ಸಹಜವೆಂದೇ ತೋರುವುದು. ಇದು ಬೆಸ; ಕಡೆಯ ಅಂಕೆ 7; ಅಂಕೆಗಳ ಮೊತ್ತ 59, ಆದುದರಿಂದ 3ಕ್ಕೂ 9ಕ್ಕೂ ಸಿಕ್ಕದು. ಇದರಲ್ಲಿ 2ನ್ನು ಕಳೆದರೆ ಉಳಿಯುವುದು ಹಿಂದಿನ ಐದು ಸಂಖ್ಯೆಗಳ ಗುಣಲಬ್ಧವೇ! ಆದಕಾರಣ ಆ ಐದರಲ್ಲಿ ಯಾವುದರಿಂದ ಭಾಗಿಸಿದರೂ ಶೇಷ 2 ಉಳಿಯುವುದು.

ತೊಂಬತ್ತೆರಡು ವರ್ಷಗಳ ತರುವಾಯ, 1732ರಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಇಪ್ಪತ್ತೈದು ವರ್ಷದ ಆಯ್ಲರನು ಇದು 641ರಿಂದ ಭಾಗ ಹೋಗುವುದೆಂದು ತೋರಿಸಿದನು. 2, 3, 5, 7 ಎಂದು ಅವಿಭಾಜ್ಯಗಳನ್ನು ಸಾಲಾಗಿ ಹಿಡಿದು ಹೊರಟವರಿಗೆ 641 ಎಂಬುದು 116ನೆಯದು. ಅಷ್ಟು ಭಾಗಾಹಾರಕ್ಕೆ ಯಾರ ತಾಳ್ಮೆಯೂ ಸೋಲುವುದು. ಆದರೆ ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದೇ ಆಗಲಿ, 64ರ ಗುಣಿತಕ್ಕಿಂತ 1 ಹೆಚ್ಚಾಗಿಯೇ ಇರಬೇಕೆಂಬ ನಿಯಮವನ್ನು ಮುಂದೆ ಆಯ್ಲರನೇ ಸಾಧಿಸಿದನು. ಆ ಜರಡಿಯಲ್ಲಿ ಹಿಡಿದರೆ 641ರವರೆಗೆ ಉಳಿಯುವುವು 193, 257, 449, 577, 641 ಮಾತ್ರ. 257ರ ಶೇಷ ಆಗಲೇ ತಿಳಿದಿರುವುದರಿಂದ ನಾಲ್ಕೇ ಭಾಗಾಹಾರಗಳು! ಇದನ್ನು ಕಂಡಾಗ ತರಗತಿಯಲ್ಲಿ ಹುಡುಗಿಯರ ಮುಖ ಅರಳುವುದನ್ನು ಮೇಲೆ ಹೇಳಿದ ಪೋಷಕರು ಒಮ್ಮೆ ಬಂದು ನೋಡಬೇಕು.

ಭಾಗಲಬ್ಧವಾದ 67,00,417 ಕೂಡ ಅವಿಭಾಜ್ಯವೇ. ಹೀಗಾಗಿ ನಮ್ಮದು ಸಂಯುಕ್ತ ಸಂಖ್ಯೆ. ತನ್ನನ್ನುಳಿದು ಇದಕ್ಕಿರುವ ಭಾಜಕಗಳು 1, 641, 67,00,417 ಮೂರೇ. ಅವುಗಳ ಮೊತ್ತ 67,01,059 ಮಾತ್ರವಾದುದರಿಂದ ಇದನ್ನು ನ್ಯೂನ ಸಂಖ್ಯೆಗಳ ವರ್ಗಕ್ಕೆ ಸೇರಿಸುವರು. ಗಣಕಯಂತ್ರಗಳು ಬಂದ ಮೇಲೂ 65,537ರ ಆಚೆಗೆ ಈ ಕುಟುಂಬದ ಅವಿಭಾಜ್ಯವೊಂದೂ ದೊರೆತಿಲ್ಲ. ದೊರೆಯಲಾರದೆಂದು ಸಾಧಿಸಿದವರೂ ಇಲ್ಲ.

ನಮ್ಮ ಹಳೆಯ ವಿದ್ಯಾರ್ಥಿನಿಯರು ಆಯ್ಲರನ ಮಾತನ್ನಾಗಲಿ ನಮ್ಮ ಮಾತನ್ನಾಗಲಿ ಹಾಗೆಯೇ ನಂಬಬೇಕಾದುದಿಲ್ಲ. 67,00,417ನ್ನು 600ರಿಂದ ಗುಣಿಸಿದರೆ 4,02,02,50,200, 40ರಿಂದ 26,80,16,680, 1ರಿಂದ ಅದೇ. ಮೂರನ್ನೂ ಒಂದರ ಕೆಳಗೊಂದು ಬರೆದು ಕೂಡಿಸಿ ನೋಡಲಿ.