ಒಂದು ದೃಶ್ಯ, ಒಬ್ಬರ ಮನಸ್ಸು

ಪ್ರಶ್ನೆ: ಅಣ್ಣತಮ್ಮಂದಿರ ಆಸ್ತಿ ಪಾಲಿನ ಬಗ್ಗೆ ಸಣ್ಣಕಥೆ ಬರೆದಿದ್ದೇನೆ. ಪಂಚಾಯ್ತಿಯ ದೃಶ್ಯ ಹೀಗಿದೆ: ‘ಮನೆ ತನಗೇ ಬರಬೇಕೆಂದು ಕಿರಿಯವನು ಅಂದುಕೊಂಡ. ಇದೆಲ್ಲ ಎಲ್ಲಿಗೆ ಮುಟ್ಟುತ್ತದೋ ಎಂದು ಹಿರಿ ಸೊಸೆ ಹೆದರಿದಳು. ತನ್ನನ್ನು ಯಾರೂ ಕೇಳಲಿಲ್ಲವಲ್ಲ ಎಂದು ತಾಯಿ ನೊಂದಳು.’ ಓದಿದ ಗೆಳತಿ, ಯಾರ ಮೇಲೂ ಕನಿಕರ ಹುಟ್ಟಲಿಲ್ಲ ಅಂದಳು. ಕುವೆಂಪು ಅವರೂ ಎಲ್ಲರ ಮನಸ್ಸನ್ನು ಹೊಕ್ಕು ಬರೆದಿಲ್ಲವೇ?

ಉತ್ತರ: ಬರೆದಿದ್ದಾರೆ. ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಗುತ್ತಿ ಎಂಬ ಪಾತ್ರದ ನಾಯಿ ಹುಲಿಯನ ಮನಸ್ಸಿಗೂ ಜಾಗವಿದೆ. ಆದರೆ ಅಲ್ಲಿ ಎಲ್ಲವನ್ನೂ ಬಲ್ಲ ನಿರೂಪಕನ ದನಿ ನಮ್ಮ ಕೈಹಿಡಿದು ನಡೆಸುತ್ತದೆ. ಭೈರಪ್ಪನವರ ‘ಪರ್ವ’ (1979) ಇನ್ನೊಂದು ದಾರಿ ಹಿಡಿದು, ಕುಂತಿ, ದ್ರೌಪದಿ, ಭೀಮರ ಬಳಿ ಒಬ್ಬೊಬ್ಬರಾಗಿ ಬಹಳ ಹೊತ್ತು ನಿಲ್ಲುತ್ತದೆ. ಎರಡಕ್ಕೂ ನೂರಾರು ಪುಟಗಳ ಹರವಿದೆ. ನೀವು ಮೂರೇ ವಾಕ್ಯಗಳಲ್ಲಿ ಮೂವರ ಒಳಗನ್ನು ತೆರೆದಿಟ್ಟಿದ್ದೀರಿ. ಓದುಗರಿಗೆ ಯಾರ ಜೊತೆಗೂ ಇರಲಾಗುವುದಿಲ್ಲ.

ಈ ದೃಶ್ಯವನ್ನು ತಾಯಿಗೆ ಬಿಟ್ಟುಕೊಡಿ. ಹೆಚ್ಚು ಕಳೆದುಕೊಳ್ಳುವವಳು ಅವಳು; ಮಾತಾಡಲು ಅವಕಾಶವಿಲ್ಲದವಳೂ ಅವಳೇ. ಹೀಗೆ ಬರೆದು ನೋಡಿ: ‘ಕಿರಿಯವನ ಕಣ್ಣು ಮತ್ತೆ ಮತ್ತೆ ತೊಲೆಗಳತ್ತ ಹೋಗುತ್ತಿತ್ತು. ಹಿರಿ ಸೊಸೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಪಾತ್ರೆಪಗಡಗಳ ಲೆಕ್ಕವೂ ಮುಗಿಯಿತು. ತಾನು ಯಾರ ಪಾಲಿಗೆ?’

ಮಗನ ಆಸೆ, ಸೊಸೆಯ ತಳಮಳ ಎರಡೂ ಉಳಿದಿವೆ, ಆದರೆ ತಾಯಿಯ ಕಣ್ಣಿಗೆ ಕಂಡಷ್ಟೇ. ಕೊನೆಯ ವಾಕ್ಯಕ್ಕೆ ‘ಎಂದುಕೊಂಡಳು’ ಬೇಕಾಗಿಲ್ಲ. ‘ತಾನು’ ಎಂದಾಗಲೇ ಅದು ಯಾರ ಯೋಚನೆ ಎಂದು ಓದುಗರಿಗೆ ತಿಳಿಯುತ್ತದೆ.

ಇದರಿಂದ ಇನ್ನೊಂದು ಲಾಭವಿದೆ: ತಾಯಿಯ ಊಹೆ ತಪ್ಪಾಗಬಹುದು. ಸೊಸೆ ತನ್ನ ಪಾಲಿನ ಚಿಂತೆಯಲ್ಲಿದ್ದಾಳೆಂದು ಅವಳು ತಿಳಿಯಲಿ. ಅತ್ತೆಯನ್ನು ಜೊತೆಗಿಟ್ಟುಕೊಳ್ಳಲು ಗಂಡನನ್ನು ಹೇಗೆ ಒಪ್ಪಿಸುವುದೆಂದು ಸೊಸೆ ಒದ್ದಾಡುತ್ತಿದ್ದಳು ಎಂಬುದು ಆಮೇಲೆ ಹೊರಬರಲಿ. ಸೊಸೆಯ ಮನಸ್ಸನ್ನು ಮೊದಲೇ ಹೇಳಿಬಿಟ್ಟರೆ ಈ ತಿರುವೇ ಇರುವುದಿಲ್ಲ.

ಇನ್ನೊಬ್ಬರ ಒಳಗನ್ನು ತೋರಿಸಲೇಬೇಕಿದ್ದರೆ ಜಾಗ ಬಿಟ್ಟು ಹೊಸ ಭಾಗ ಶುರುಮಾಡಿ, ಮೊದಲ ಸಾಲಿನಲ್ಲೇ ಅವರ ಹೆಸರು ಬರಲಿ. ಈಗ ಕರಡು ತೆಗೆದು, ತಾಯಿಗೆ ಕಾಣದ, ಕೇಳಿಸದ, ಊಹೆಗೂ ಸಿಗದ ವಾಕ್ಯಗಳಿಗೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ತಿದ್ದುವ ಕೆಲಸ ಅಲ್ಲಿಂದ ಶುರುವಾಗಲಿ.