ಗರಗಸದ ಮಿಷನ್ನಿನ ಕಿಡಿ

ಮಲೆನಾಡಿನಲ್ಲಿ ಈಗ ಮರ ಕೊಯ್ಯುವವರ ಕೈಯಲ್ಲಿ ಪೆಟ್ರೋಲ್ ಗರಗಸ ಇರುತ್ತೆ. ಸಾಲ ಮಾಡಿ ಇದನ್ನು ಕೊಂಡ ಮನೆಗಳೂ ಇವೆ. ಮಿಷನ್ ಕೆಟ್ಟರೆ ಅವತ್ತಿನ ಕೂಲಿ ಇಲ್ಲ. ರಿಪೇರಿ ದುಡ್ಡು ಹೊಂದಿಸುವವರು ನಾವೇ. “ಕಾಯಿಲ್ ಬದಲಿಸಿ, ಫ್ಲೈವೀಲ್ ಬದಲಿಸಿ, ಮಿಷನ್ ಕುದುರೆ ಹಾಗೆ ಓಡುತ್ತೆ” ಅನ್ನುವವರೂ ಸಿಗುತ್ತಾರೆ. ದುಡ್ಡು ಕೊಡುವ ಮೊದಲು ಈ ಎರಡು ಸಾಮಾನಿನ ಕೆಲಸ ಏನೆಂದು ತಿಳಿಯೋಣ.

ಸೈಕಲ್ಲಿನ ಡೈನಮೋ ನೋಡಿದ್ದೇವಲ್ಲ? ಅದಕ್ಕೆ ಬ್ಯಾಟರಿ ಬೇಡ. ಚಕ್ರ ತಿರುಗಿದರೆ ದೀಪ ಹತ್ತುತ್ತೆ. ಒಳಗೆ ಅಯಸ್ಕಾಂತ ತಿರುಗಿದಾಗ ಪಕ್ಕದ ತಂತಿ ಸುರುಳಿಯಲ್ಲಿ ಕರೆಂಟು ಹುಟ್ಟುತ್ತೆ. ಗರಗಸದಲ್ಲೂ ಹೀಗೇ. ಫ್ಲೈವೀಲ್ ಅಂದರೆ ಒಂದು ಗಾಲಿ. ಅದರ ಅಂಚಿನಲ್ಲಿ ಅಯಸ್ಕಾಂತ ಇರುತ್ತೆ. ಕಾಯಿಲ್ ಅಂದರೆ ತಂತಿಯ ಸುರುಳಿ. ಗಾಲಿ ಸುತ್ತುವಾಗ ಅಯಸ್ಕಾಂತ ಕಾಯಿಲ್ ಮುಂದೆ ಹಾದುಹೋಗುತ್ತೆ. ಆಗ ಸಾವಿರಾರು ವೋಲ್ಟಿನ ಕರೆಂಟು ಪ್ಲಗ್ಗಿಗೆ ಹೋಗಿ ಕಿಡಿ ಹಾರುತ್ತೆ. ಆ ಕಿಡಿಗೆ ಪೆಟ್ರೋಲ್ ಹೊತ್ತಿ ಇಂಜಿನ್ ಓಡುತ್ತೆ.

ಗಾಲಿಗೆ ಬೇರೆ ಕೆಲಸಗಳೂ ಇವೆ. ಬೀಸುವ ಕಲ್ಲನ್ನು ಜೋರಾಗಿ ತಿರುಗಿಸಿ ಕೈ ಬಿಟ್ಟರೂ ಸ್ವಲ್ಪ ತಿರುಗುತ್ತೆ, ಅಲ್ಲವೆ? ಹಾಗೆಯೇ ಗಾಲಿಯ ಭಾರ ಇಂಜಿನ್ನನ್ನು ಒಂದು ಕಿಡಿಯಿಂದ ಇನ್ನೊಂದು ಕಿಡಿಯವರೆಗೆ ಸಾಗಿಸುತ್ತೆ. ಗಾಲಿಯ ರೆಕ್ಕೆಗಳು ಗಾಳಿ ಬೀಸಿ ಇಂಜಿನ್ ತಣ್ಣಗಿಡುತ್ತವೆ. ಹಗುರ ಗಾಲಿ ಹಾಕಿದರೆ ಇಂಜಿನ್ ಬೇಗ ಜೋರು ಹಿಡಿಯುತ್ತೆ, ನಿಜ. ಆದರೆ ನಿಧಾನಕ್ಕೆ ಓಡಿಸಿದರೆ ತಡವರಿಸುತ್ತೆ. ರೆಕ್ಕೆ ಕತ್ತರಿಸಿ ಹಗುರ ಮಾಡಿದರೆ ಇಂಜಿನ್ ಕಾದುಹೋಗುತ್ತೆ.

ಕಿಡಿ ಹಾರುವುದಕ್ಕೂ ಹೊತ್ತು ಇದೆ. ಪಿಸ್ಟನ್ ಮೇಲಕ್ಕೆ ಮುಟ್ಟುವ ತುಸು ಮೊದಲು ಹಾರಬೇಕು. ತೀರಾ ಮೊದಲೇ ಹಾರಿದರೆ ಸ್ಟಾರ್ಟ್ ಮಾಡುವಾಗ ಹಗ್ಗ ಕೈಯನ್ನೇ ಎಳೆದುಕೊಳ್ಳುತ್ತೆ. ತಡವಾದರೆ ಶಕ್ತಿ ಕಡಿಮೆ, ಕಾವು ಜಾಸ್ತಿ. ಆದ್ದರಿಂದ ಕಾಯಿಲ್ಲೂ ಗಾಲಿಯೂ ಬೀಗ ಬೀಗದಕೈ ಇದ್ದ ಹಾಗೆ. ಬೇರೆ ಮಾಡೆಲ್ಲಿನದು ಸ್ಕ್ರೂಗೆ ಕೂತರೂ ಹೊತ್ತು ಕೂಡದಿರಬಹುದು.

ಇನ್ನೊಂದು ವಿಷಯ ಇದೆ. ಹೊಸ ಮಿಷನ್ನುಗಳ ಅನೇಕ ಕಾಯಿಲ್ಲುಗಳಿಗೆ ಕಡಿವಾಣ ಇರುತ್ತೆ. ಇಂಜಿನ್ ನಿಮಿಷಕ್ಕೆ ಸುಮಾರು 13,000 ಸುತ್ತು ದಾಟಿದರೆ ಕೆಲವು ಕಾಯಿಲ್ ಕಿಡಿಯನ್ನೇ ತಡೆಯುತ್ತವೆ. ಕಡಿವಾಣ ಇಲ್ಲದ ಕಾಯಿಲ್ ಹಾಕಿಸಿದರೆ ಬರೀ ಗಾಳಿಯಲ್ಲಿ ಭೋರ್ ಅನ್ನುತ್ತೆ. ಮರದೊಳಗೆ ಹೊಕ್ಕಾಗ ಹೇಗೂ ಸುತ್ತು ಇಳಿಯುತ್ತೆ. ಕೊಯ್ಲು ಹೆಚ್ಚಾಗಲಿಲ್ಲ, ಸದ್ದು ಹೆಚ್ಚಾಯಿತು! ಅಪಾಯವೂ ಹೆಚ್ಚಾಯಿತು. ಈ ಇಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಗೇ. ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ ಪೆಟ್ರೋಲ್ ಕಡಿಮೆ ಮಾಡಿದರೆ ಎಣ್ಣೆಯೂ ಕಡಿಮೆ. ಪಿಸ್ಟನ್ ಕಚ್ಚಿಕೊಂಡು ಇಂಜಿನ್ನೇ ಹೋಗುತ್ತೆ. ಅತಿ ಸುತ್ತಿಗೆ ಗಾಲಿ ಸಿಡಿದರೆ ಮಿಷನ್ ಹಿಡಿದವನ ಗತಿ?

ಮಿಷನ್ ಸ್ಟಾರ್ಟ್ ಆಗದಿದ್ದರೆ ಮೊದಲು ಪ್ಲಗ್ ನೋಡಿಸೋಣ. ಮಸಿ ಹಿಡಿದಿದೆಯೆ? ಗಾಳಿಯ ಜಾಲರಿಯಲ್ಲಿ ಹೊಟ್ಟು ಕಟ್ಟಿದೆಯೆ? ಸ್ವಿಚ್ಚಿನ ತಂತಿ ಸವೆದು ಕಬ್ಬಿಣಕ್ಕೆ ತಾಗಿದೆಯೆ? ತಾಗಿದರೆ ಕಿಡಿ ಬರೋದಿಲ್ಲ, ಕಾಯಿಲ್ ಕೆಟ್ಟ ಹಾಗೇ ಕಾಣುತ್ತೆ. ಕಿಡಿ ಪರೀಕ್ಷೆಯನ್ನು ಮೆಕ್ಯಾನಿಕ್ ನಮ್ಮ ಎದುರೇ ಮಾಡಲಿ.

ಅರ್ಧ ಗಂಟೆ ಓಡಿ ನಿಂತು, ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್ ಆಗುತ್ತದೆಯೆ? ಟ್ಯಾಂಕ್ ಮುಚ್ಚಳದ ಗಾಳಿತೂತು ಕಟ್ಟಿರಬಹುದು. ಅದು ಸರಿ ಇದ್ದರೆ ಕಾಯಿಲ್ ಮೇಲೆ ಅನುಮಾನ ಪಡಬಹುದು. ಆಗ ಹಳೆ ಕಾಯಿಲ್ ಮೇಲಿನ ನಂಬರು ಬರೆದುಕೊಂಡು ಅದೇ ನಂಬರಿನದು ಕೇಳೋಣ. ಕೂರಿಸುವಾಗ ಗಾಲಿಗೂ ಕಾಯಿಲ್ಲಿಗೂ ನಡುವೆ ಸಾಮಾನ್ಯವಾಗಿ ಒಂದು ವಿಸಿಟಿಂಗ್ ಕಾರ್ಡಿನಷ್ಟೇ ಸಂದು ಬಿಡುತ್ತಾರೆ. ಕಾರ್ಡು ಇಟ್ಟು ಸ್ಕ್ರೂ ಬಿಗಿದು, ಕಾರ್ಡು ಎಳೆದು, ಗಾಲಿಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಬೇಕು. ಎಲ್ಲೂ ಉಜ್ಜಬಾರದು.